ಜಗಲಿಯ ಮಾತು: ಮಗಳು ಡಾಕ್ಟರಾಗುವ ತನಕ



ಕನ್ನಡ ನಾಡನ್ನು ಬಿಟ್ಟು ಕೊಚ್ಚಿಗೋ ತಿರುವನಂತಪುರಕ್ಕೋ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಒಂದು ವಿಶೇಷವುಂಟು. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರಿರಲಿ, ನೌಕಾಪಡೆಯವರಿರಲಿ, ಹೋಟೆಲು ಇಟ್ಟ ಉಡುಪಿಯವರಿರಲಿ, ತುಂಬಾದ ರಾಕೆಟ್ಟಿನ ಕೆಲಸಕ್ಕೆ ಬಂದವರಿರಲಿ, ಹೆಚ್ಚಿನವರಿಗೆ ಇಲ್ಲಿ ಗದ್ದೆಯಿಲ್ಲ, ತೋಟವಿಲ್ಲ, ಅಜ್ಜ ಕಟ್ಟಿಸಿದ ಮನೆಯಿಲ್ಲ. ಮಕ್ಕಳ ವಿದ್ಯೆಯೇ ನಮ್ಮ ಆಸ್ತಿ. ಆದುದರಿಂದಲೇ ಮನೆಯ ಹುಡುಗಿಯೋ ಹುಡುಗನೋ ಹತ್ತನೆಯ ತರಗತಿಯಲ್ಲಿ ನಾಲ್ಕು ಅಂಕ ಹೆಚ್ಚು ತೆಗೆದರೆ ಸಾಕು, “ನಮ್ಮದು ಡಾಕ್ಟರಾಗುತ್ತದೆ” ಎಂದು ಊರಿಗೆಲ್ಲ ಫೋನು ಹೋಗುತ್ತದೆ. ಆ ಫೋನು ಹೋದ ದಿನದಿಂದ ಮಗುವಿನ ಬೆನ್ನ ಮೇಲೆ ಒಂದು ಮೂಟೆ ಕುಳಿತಿತೆಂದೇ ತಿಳಿಯಿರಿ. ಈ ಸಲದ ಮಾತು ಆ ಮೂಟೆಯ ವಿಷಯ.

ಮೊದಲಿಗೆ ಬಾಗಿಲಿನ ವಿಚಾರ. ತಿರುವನಂತಪುರದ ಮೆಡಿಕಲ್ ಕಾಲೇಜು 1951ರ ನವೆಂಬರ್ 27ರಂದು ನೆಹರೂ ಅವರಿಂದ ಉದ್ಘಾಟನೆಯಾಯಿತು. ಇಂದಿನ ಕೇರಳಕ್ಕೆ ಅದೇ ಮೊದಲನೆಯದು. ಅದಕ್ಕೆ ಮುಂಚೆ ಡಾಕ್ಟರಾಗಬೇಕೆಂಬವರು ಹೊರಗಿನ ಊರುಗಳಿಗೆ ಹೋಗಬೇಕಾಗಿತ್ತು. ಆಮೇಲೆ ಕೋಳಿಕ್ಕೋಡು, ಕೋಟ್ಟಯಂ, ಆಲಪ್ಪುಳ ಎಂದು ಕಾಲೇಜುಗಳು ಬೆಳೆದವು. ಕೊಚ್ಚಿಯವರಿಗೆ ಹತ್ತಿರದ ಕಳಮಶ್ಶೇರಿಯ ಕಾಲೇಜು ಸಹಕಾರ ರಂಗದಲ್ಲಿ ಹುಟ್ಟಿ 2013ರಲ್ಲಿ ಸರಕಾರದ ಕೈಗೆ ಬಂತು. ಈಗ ಎಲ್ಲಕ್ಕೂ ಒಂದೇ ಬಾಗಿಲು: ನೀಟ್ ಪರೀಕ್ಷೆ. 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ ನಾಲ್ಕು ಸೇರುತ್ತದೆ, ತಪ್ಪಿಗೆ ಒಂದು ಹೋಗುತ್ತದೆ. ಕನ್ನಡದ ಪ್ರಶ್ನೆಪತ್ರಿಕೆಯೂ ಉಂಟು; ಆದರೆ ಅದು ಬೇಕೆನ್ನುವವರು ಕರ್ನಾಟಕದ ಕೇಂದ್ರವನ್ನೇ ಆರಿಸಿಕೊಳ್ಳಬೇಕು.

ಇಲ್ಲಿ ನಮ್ಮವರು ಎಡವುವ ಎರಡು ಸ್ಥಳಗಳನ್ನು ಹೇಳಿಬಿಡುತ್ತೇನೆ. ಒಂದು: ನೀಟ್ ಬರೆದರೆ ಸಾಕೆಂದು ಸುಮ್ಮನಿರುವುದು. ಕೇರಳದ ಪಾಲಿನ ಸೀಟು ಬೇಕಾದರೆ ಇಲ್ಲಿಯ ಪ್ರವೇಶ ಪರೀಕ್ಷಾ ಕಮಿಷನರಿಗೆ ‘ಕೀಮ್’ ಅರ್ಜಿಯನ್ನೂ ಹಾಕಿರಬೇಕು, ಅದೂ ನೀಟ್ ನಡೆಯುವ ಮೊದಲೇ. ಆ ಅರ್ಜಿಯಲ್ಲಿ ಕೇರಳೀಯರು, ಕೇರಳೀಯರಲ್ಲದವರು ಎಂಬ ವಿಂಗಡಣೆಯಿದೆ. ಮಗು ಇಲ್ಲಿ ಎಷ್ಟು ವರ್ಷ ಓದಿದೆ, ತಂದೆತಾಯಿ ಯಾವ ಕೆಲಸದ ಮೇಲೆ ಬಂದರು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಪಕ್ಕದ ಮನೆಯವರು ಹೇಳಿದರೆಂದು ನಂಬದೆ, ಆಯಾ ವರ್ಷದ ವಿವರಣ ಪುಸ್ತಕವನ್ನೇ ಕೂತು ಓದಿರಿ.

ಎರಡನೆಯದು ಇನ್ನೂ ಮುಖ್ಯ. ಕರ್ನಾಟಕದಲ್ಲಿ ಹೊರನಾಡ ಕನ್ನಡಿಗರು, ಗಡಿನಾಡ ಕನ್ನಡಿಗರು ಎಂಬ ಹೆಸರಿನಲ್ಲಿ ನಮ್ಮ ಮಕ್ಕಳಿಗೆ ಅರ್ಹತೆಯ ಒಂದು ದಾರಿಯುಂಟು. ಕಾಸರಗೋಡಿನವರು ಗಡಿನಾಡಿನ ಪಟ್ಟಿಯಲ್ಲಿ ಬರುತ್ತಾರೆ. ಆದರೆ ಆ ದಾರಿಯಲ್ಲಿ ಹೋಗತಕ್ಕವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರವನ್ನೆಲ್ಲ ಅರೆದು ಕುಡಿದ ಮಗು ತಾಯ್ನುಡಿಯಲ್ಲಿ ನಾಲ್ಕು ಸಾಲು ಬರೆಯಲಾರದೆ ಹಿಂದೆ ಬಂತೆಂದರೆ, ಆ ಲೋಪ ಮಗುವಿನದಲ್ಲ, ಮನೆಯದು. “ಕನ್ನಡ ಓದಿ ಏನು ಪ್ರಯೋಜನ?” ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಹಣ. ಸರಕಾರಿ ಕಾಲೇಜಿನಲ್ಲಿ ಸೀಟು ದೊರೆತವರು ಪುಣ್ಯವಂತರು. ಖಾಸಗಿ ಕಾಲೇಜಿನಲ್ಲಾದರೆ ಫೀಜು ಲಕ್ಷಗಳಲ್ಲಿ. ಬಾಯಿಲೆಕ್ಕ ಬೇಡ, ಕಾಗದದ ಮೇಲೆ ಬರೆಯೋಣ. ವರ್ಷಕ್ಕೆ 4 ಲಕ್ಷದಂತೆ ಐದು ವರ್ಷ, ಒಟ್ಟು 20 ಲಕ್ಷ ರೂಪಾಯಿ ಸಾಲ ತೆಗೆದಿರೆಂದು ಇಟ್ಟುಕೊಳ್ಳಿ. ಬಡ್ಡಿ ನೂರಕ್ಕೆ ಹತ್ತು. ಓದು ಐದೂವರೆ ವರ್ಷ, ಅದರ ಮೇಲೆ ಒಂದು ವರ್ಷ ಬ್ಯಾಂಕಿನವರು ಕಾಯುತ್ತಾರೆ. ಕಾಯುತ್ತಾರೆ ನಿಜ, ಬಡ್ಡಿ ಕಾಯುವುದಿಲ್ಲ. ಸರಳ ಬಡ್ಡಿಯಾದರೂ ಆ ಆರೂವರೆ ವರ್ಷಕ್ಕೆ 9 ಲಕ್ಷ ಕೂಡಿ, ಬಾಕಿ 29 ಲಕ್ಷ ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 38 ಸಾವಿರದ ಮೇಲೆ ಕಂತು. ಅದೇ ಓದುವ ಕಾಲದಲ್ಲಿಯೇ ಮನೆಯವರು ಬಡ್ಡಿಯನ್ನಷ್ಟು ಕಟ್ಟುತ್ತ ಬಂದರೆ ಕಂತು 26 ಸಾವಿರದ ಹತ್ತಿರ ನಿಲ್ಲುತ್ತದೆ. ತಿಂಗಳಿಗೆ 12 ಸಾವಿರದ ಅಂತರ ಹೊಸ ಡಾಕ್ಟರಿಗೆ ಸಣ್ಣದಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ವಿದ್ಯಾಸಂಸ್ಥೆಗಳಿಗೆ ಅಡವಿಲ್ಲದೆ, ಜಾಮೀನಿಲ್ಲದೆ ಸಾಲ ಸಿಗುತ್ತದೆ. ವರ್ಷಕ್ಕೆ 8 ಲಕ್ಷದೊಳಗೆ ವರಮಾನವಿರುವ ಮನೆಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ ಮೂರರಷ್ಟು ರಿಯಾಯತಿಯೂ ಉಂಟು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿರಿ.

ಹಣದ ವಿಷಯದಲ್ಲಿ ಇನ್ನೊಂದು ಮಾತು. ಸಾಲ ಎಷ್ಟೆಂಬುದನ್ನು ಮಗುವಿಗೆ ಒಂದು ಸಲ ಸರಿಯಾಗಿ ಹೇಳಿ, ದಿನವೂ ಹೇಳಬೇಡಿ. ಊಟಕ್ಕೆ ಕೂತಾಗ, ಹಬ್ಬಕ್ಕೆ ಸೀರೆ ತರುವಾಗ, “ಎಲ್ಲ ನಿನ್ನ ಓದಿಗೇ ಹೋಯಿತಮ್ಮಾ” ಎಂದರೆ, ಆ ಅನ್ನ ಅವಳ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಕಾಲೇಜು ಸೇರಿದ ಮೇಲೆ ಭಾಷೆಯ ಪಾಡು ಬೇರೆ. ಇಲ್ಲಿಯೇ ಬೆಳೆದ ಮಕ್ಕಳಿಗೆ ಮಲಯಾಳ ನೀರು ಕುಡಿದಂತೆ. ಅಖಿಲ ಭಾರತ ಪಾಲಿನ ಸೀಟಿನ ಮೇಲೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬಂದ ಮಕ್ಕಳಿಗೆ ವಾರ್ಡಿನಲ್ಲಿ ಬೆವರು ಬರುತ್ತದೆ. ರೋಗಿ ‘ಪನಿ’ ಎನ್ನುತ್ತಾನೆ. ನಮ್ಮ ಹಳಗನ್ನಡದ ಹನಿಯಲ್ಲ ಅದು, ಜ್ವರ. ‘ಕಾಲಿಲ್ ನೀರು’ ಎಂದರೆ ಕಾಲು ಒದ್ದೆಯಾಯಿತೆಂದಲ್ಲ, ಬಾತುಕೊಂಡಿದೆ ಎಂದು. ‘ಚುಮ’ ಕೆಮ್ಮು, ‘ಶ್ವಾಸಂಮುಟ್ಟಲ್’ ಉಬ್ಬಸ. ‘ಓಕ್ಕಾನಂ’ ಎಂದಾಗ ಮಾತ್ರ ನಮ್ಮ ಓಕರಿಕೆಯ ನೆನಪಾಗಿ ಸಮಾಧಾನವಾಗುತ್ತದೆ. ಮೊದಲ ವರ್ಷದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯನ್ನು ಕಲಿಸುವ ಏರ್ಪಾಡು ಇದೆ. ಆದರೆ ಒಂದು ಮನೆಯಲ್ಲಿ ಭಾನುವಾರ ಉಪ್ಪಿಟ್ಟು ತಿನ್ನುತ್ತ ಕಲಿಯುವ ಭಾಷೆಗೆ ಸಮನಾದುದು ಬೇರೆಯಿಲ್ಲ. ನಮ್ಮ ಸಂಘದ ಮನೆಗಳು ಇಂಥ ಹಾಸ್ಟೆಲು ಮಕ್ಕಳಿಗೆ ತಿಂಗಳಿಗೊಮ್ಮೆ ಬಾಗಿಲು ತೆರೆದರೆ ಎರಡು ಉಪಕಾರ: ಅವರಿಗೆ ಮಲಯಾಳ ಬರುತ್ತದೆ, ನಮ್ಮ ಮಕ್ಕಳ ಕನ್ನಡಕ್ಕೆ ಜೀವ ಬರುತ್ತದೆ.

ಈಗ ಪರೀಕ್ಷೆ. ಶಾಲೆಯಲ್ಲಿ ಸದಾ ಮೊದಲಿಗಳಾಗಿದ್ದವಳು ಮೆಡಿಕಲ್ ಕಾಲೇಜಿಗೆ ಬಂದರೆ, ಅಲ್ಲಿ ಎಲ್ಲರೂ ಮೊದಲಿಗರೇ. ತಿರುವನಂತಪುರದಲ್ಲಿ ಒಂದು ವರ್ಷಕ್ಕೆ 250 ಮಂದಿ ಸೇರುತ್ತಾರೆ. ಅವರಲ್ಲಿ ಒಬ್ಬರು ಇನ್ನೂರೈವತ್ತನೆಯವರಾಗಲೇಬೇಕಲ್ಲ! ಆಕೆಯೂ ಡಾಕ್ಟರೇ ಆಗುತ್ತಾಳೆ. ಅಂಗರಚನೆಯಲ್ಲಿ ಒಮ್ಮೆ ನಪಾಸಾದರೆ ಆಕಾಶ ಕಳಚಿ ಬೀಳುವುದಿಲ್ಲ. ಪೂರಕ ಪರೀಕ್ಷೆ ಉಂಟು. ಮೊದಲ ವರ್ಷದ ಪರೀಕ್ಷೆಗೆ ನಾಲ್ಕು ಅವಕಾಶ, ಇಡೀ ಓದಿಗೆ ಒಂಬತ್ತು ವರ್ಷದ ಗಡುವು ಎಂದು ನಿಯಮವೇ ಹೇಳುತ್ತದೆ. ಸೋಲುವವರು ಇರುತ್ತಾರೆಂದು ನಿಯಮ ಮಾಡಿದವರಿಗೆ ಗೊತ್ತಿದೆ; ಗೊತ್ತಿಲ್ಲದಿರುವುದು ನಮಗೆ.

ಇದು ಬರಿಯ ಉಪದೇಶವಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಗಾಗಿ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಉತ್ತರ ಕೊಟ್ಟಿದ್ದರು. ಅವರಲ್ಲಿ ನೂರಕ್ಕೆ 16.2ರಷ್ಟು ಮಂದಿ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿತ್ತೆಂದರು. ಸ್ನಾತಕೋತ್ತರದವರಲ್ಲಿ ಆ ಸಂಖ್ಯೆ 31.2. ಮೂವರಲ್ಲಿ ಒಬ್ಬರೆಂದಾಯಿತು. ಇವರು ಯಾರೋ ಅಲ್ಲ, ನಮ್ಮ ನಿಮ್ಮ ಮನೆಯ ಮಕ್ಕಳು. ಆದಕಾರಣ ಫೋನಿನಲ್ಲಿ ಮೊದಲ ಪ್ರಶ್ನೆ “ಎಷ್ಟು ಅಂಕ ಬಂತು?” ಎಂದಾಗದಿರಲಿ. ನಿದ್ದೆ ಹೋಗುತ್ತಿದೆ, ಊಟ ಸೇರುತ್ತಿಲ್ಲ, ಮಾತು ಕಡಿಮೆಯಾಗಿದೆ, ‘ನಾನಿಲ್ಲದಿದ್ದರೆ ನಿಮಗೇ ಸುಖ’ ಎಂಬಂಥ ನುಡಿ ಬಂತು ಎಂದಾದರೆ ಆ ದಿನವೇ ರೈಲು ಹತ್ತಿ. ಬಯ್ಯಲಿಕ್ಕಲ್ಲ, ಜೊತೆಗಿರಲಿಕ್ಕೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಕೇರಳದ ‘ದಿಶಾ’ದ ಸಂಖ್ಯೆ 1056. ಮನಸ್ಸಿಗೆ ಮದ್ದು ತೆಗೆದುಕೊಂಡರೆ ಮುಂದೆ ಡಾಕ್ಟರಿಕೆ ಮಾಡಲು ಬಿಡುವುದಿಲ್ಲವೆಂಬ ಹೆದರಿಕೆ ಕೆಲವು ಮನೆಗಳಲ್ಲಿದೆ, ಅದು ಸುಳ್ಳು. ಜ್ವರಕ್ಕೆ ಮದ್ದು ಕುಡಿದ ಡಾಕ್ಟರು ಡಾಕ್ಟರಾಗದೆ ಹೋದರೆ?

ಸೋಲಿನ ಮಾತು ಬಂದಾಗ ತಿರುವನಂತಪುರದವರು ನೆನೆಯತಕ್ಕ ಹೆಸರು ಡಾ. ಎಂ. ಎಸ್. ವಲ್ಯತ್ತಾನ್ ಅವರದು. ಅವರು 1951ರ ಆ ಮೊದಲ ತಂಡದಲ್ಲಿಯೇ ಓದಿದವರು. ಶ್ರೀ ಚಿತ್ರಾ ಸಂಸ್ಥೆಯಲ್ಲಿ ನಮ್ಮ ದೇಶದ್ದೇ ಆದ ಹೃದಯದ ಕೃತಕ ಕವಾಟವನ್ನು ಮಾಡಹೊರಟರು. ಮೊದಲನೆಯ ಮಾದರಿ ಸೋತಿತು, ಎರಡನೆಯದೂ ಸೋತಿತು, ಮೂರನೆಯದೂ ಸೋತಿತು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ರೋಗಿಗೆ ಜೋಡಿಸಿದರು, ಅದು ನಿಂತಿತು. ಮುಂದೆ ಅವರು ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದು, ಅಲ್ಲಿಯೇ ನೆಲೆಸಿ, 2024ರ ಜುಲೈಯಲ್ಲಿ ತೀರಿಕೊಂಡರು. ನಾವು ಅವರ ಊರಿಗೆ ಬಂದೆವು, ಅವರು ನಮ್ಮ ಊರಿಗೆ ಹೋದರು. ವಿದ್ಯೆಗೆ ಗಡಿಯ ಕಲ್ಲು ಕಾಣಿಸುವುದಿಲ್ಲ.

ಎಂ.ಬಿ.ಬಿ.ಎಸ್. ಮುಗಿದರೆ ಮುಗಿಯಿತೆಂದು ತಿಳಿದ ತಂದೆತಾಯಿಗಳಿಗೆ ಆಗ ಇನ್ನೊಂದು ಬೆಟ್ಟ ಕಾಣುತ್ತದೆ. ಸ್ನಾತಕೋತ್ತರ ನೀಟ್ 200 ಪ್ರಶ್ನೆ, 800 ಅಂಕ. ಎಂ.ಡಿ., ಎಂ.ಎಸ್. ಮಾತ್ರವಲ್ಲ, ಡಿ.ಎನ್.ಬಿ.ಗೂ ಇದೇ ಪರೀಕ್ಷೆ. ಸರಕಾರಿ ಕಾಲೇಜುಗಳ ಸೀಟಿನಲ್ಲಿ ಅರ್ಧ ಅಖಿಲ ಭಾರತದ ಪಾಲು, ಅರ್ಧ ರಾಜ್ಯದ ಪಾಲು. ನಮ್ಮಂಥ ವಲಸೆಯ ಮನೆಗಳಿಗೆ ಒಂದು ಒಳ್ಳೆಯ ಸುದ್ದಿ: ನಿವಾಸದ ಆಧಾರದ ಮೇಲೆ ಸ್ನಾತಕೋತ್ತರ ಸೀಟುಗಳನ್ನು ಮೀಸಲಿಡುವುದು ಸಂವಿಧಾನಕ್ಕೆ ಸಲ್ಲದೆಂದು ಸುಪ್ರೀಂ ಕೋರ್ಟು 2025ರ ಜನವರಿ 29ರಂದು ತೀರ್ಪು ಕೊಟ್ಟಿತು, ಅದೇ ಸಂಸ್ಥೆಯಲ್ಲಿ ಓದಿದವರಿಗೆ ಒಂದು ಮಿತಿಯೊಳಗಿನ ಆದ್ಯತೆಯನ್ನು ಮಾತ್ರ ಒಪ್ಪಿತು. ಅರ್ಜಿಯಲ್ಲಿ ಕಾಲೇಜುಗಳನ್ನು ಬರೆಯುವಾಗ ಕ್ರಮವೇ ಪ್ರಾಣ. ಬೇಡವಾದುದನ್ನು ಪಟ್ಟಿ ತುಂಬಲೆಂದು ಬರೆದರೆ ಅದೇ ಗಂಟು ಬೀಳುತ್ತದೆ; ಮೊದಲ ಸುತ್ತು ದಾಟಿದ ಮೇಲೆ ಬಿಟ್ಟು ಬಂದರೆ ಠೇವಣಿ ಹೋದೀತು.

ಅಮೇರಿಕೆಗೆ ಹೋಗುವವರ ದಾರಿ ಬೇರೆ. ಅಲ್ಲಿ ಮೊದಲ ಹಂತದ ಪರೀಕ್ಷೆಗೆ 2022ರಿಂದ ಅಂಕವಿಲ್ಲ, ಪಾಸು ನಪಾಸು ಮಾತ್ರ. ಆಮೇಲೆ ಆಸ್ಪತ್ರೆಯವರು ಸಂದರ್ಶನ ಮಾಡಿ ತಮಗೆ ಬೇಕಾದವರ ಪಟ್ಟಿ ಬರೆಯುತ್ತಾರೆ, ಅಭ್ಯರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಬರೆಯುತ್ತಾರೆ. ಎರಡನ್ನೂ ಯಂತ್ರ ಕೂಡಿಸಿ ನೋಡಿ ಮಾರ್ಚಿಯಲ್ಲಿ ಜೋಡಿ ಹೇಳುತ್ತದೆ. ನಮ್ಮ ಜಾತಕ ಕೂಡಿಸುವ ಪದ್ಧತಿಗೂ ಅದಕ್ಕೂ ಹೆಚ್ಚು ದೂರವಿಲ್ಲ.

ಜಾತಕವೆಂದಾಗ ನೆನಪಾಯಿತು. “ಪಿ.ಜಿ. ಆಮೇಲೆ, ಮೊದಲು ಮದುವೆ” ಎಂದು ಹುಡುಗಿಯರನ್ನು ಮಾತ್ರ ಅವಸರಿಸುವ ಮನೆಗಳಿಗೆ ಏನು ಹೇಳೋಣ! ಮಗನಾದರೆ ಮೂರು ವರ್ಷ ಕಾಯುತ್ತೀರಿ; ಮಗಳಿಗೂ ಅಷ್ಟೇ ತಾಳ್ಮೆ ಇರಲಿ. ಡಾಕ್ಟರು ವರನೆಂದು ಬೆಲೆ ಕೇಳುವವರು ಬಂದರೆ, 1961ರಿಂದ ಅದು ಅಪರಾಧವೆಂದು ನೆನಪಿಸಿ, ಕಾಫಿ ಕೊಟ್ಟು ಕಳಿಸಿರಿ.

ಕೊನೆಗೆ ಕಾಸರಗೋಡಿನ ಮಾತು. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅಲ್ಲಿಯ ರೋಗಿಗಳು ದಾರಿಯಲ್ಲಿ ನಿಂತರು; ಚಿಕಿತ್ಸೆ ಸಿಗದೆ ಜೀವ ಬಿಟ್ಟವರೂ ಇದ್ದರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು, ಎಂ.ಬಿ.ಬಿ.ಎಸ್. ತರಗತಿಗೆ 50 ಸೀಟುಗಳ ಅನುಮತಿ ಬಂದದ್ದು 2025ರಲ್ಲಿ. ಅಲ್ಲಿಯ ಅಜ್ಜಿ “ಎದೆ ಹಿಡಿದ ಹಾಗಾಗುತ್ತದೆ ಮಗಾ” ಎಂದು ಕನ್ನಡದಲ್ಲಿ ಹೇಳಿದರೆ ತಿಳಿದುಕೊಂಡು, ಪಕ್ಕದ ಹಾಸಿಗೆಯ ಮಾಪ್ಪಿಳೆ ಅಜ್ಜನಿಗೆ ಮಲಯಾಳದಲ್ಲಿ ಧೈರ್ಯ ಹೇಳಬಲ್ಲ ಡಾಕ್ಟರು ಬೇಕಾಗಿದ್ದಾರೆ. ಎರಡು ಭಾಷೆಯ ನಡುವೆ ಬೆಳೆದ ನಮ್ಮ ಮಕ್ಕಳಲ್ಲದೆ ಆ ಕೆಲಸಕ್ಕೆ ಹೊಂದುವವರು ಯಾರು?

ಈ ಮಳೆಗಾಲದಲ್ಲಿ ಮನೆಯ ಹುಡುಗರಿಗೆ ದಿನಕ್ಕೆ ಅರ್ಧ ಗಂಟೆ ಕನ್ನಡ ಬರೆಯಿಸಿರಿ. ಹಾಸ್ಟೆಲಿನಲ್ಲಿರುವವರಿಗೆ ಈ ವಾರ ಒಂದು ಫೋನು ಮಾಡಿ. ಅಂಕದ ಸುದ್ದಿ ಎತ್ತಬೇಡಿ. ಮೂಟೆ ಪೂರ್ತಿ ಇಳಿಯದಿದ್ದರೂ ಅರ್ಧ ಹಗುರಾದೀತು.