ಅಂಗಿಯೊಳಗಿನ ಶಲ್ಯ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಬಸದಿಗಳ ಪಂಚರು ಕೂಡಿದಲ್ಲೆಲ್ಲ ಇತ್ತೀಚೆಗೆ ಒಂದು ಸಲಹೆ ಕಿವಿಗೆ ಬೀಳುತ್ತಿದೆ. ಮೂರ್ತಿಗಳ ಕಳವಿನ ಭಯವಿದೆ, ಕಾಣಿಕೆ ಪೆಟ್ಟಿಗೆ ಒಡೆಯುವವರ ಭಯವಿದೆ, ಆದ್ದರಿಂದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರನ್ನು ಕಾವಲಿಗೆ ನೇಮಿಸಿಕೊಳ್ಳಬೇಕು ಎಂಬುದೇ ಆ ಸಲಹೆ. ಅಷ್ಟಕ್ಕೇ ನಿಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ನಾನು ಕುಳಿತಿದ್ದ ಒಂದು ಸಭೆಯಲ್ಲಿ ಹಿರಿಯರೊಬ್ಬರು ಮುಂದುವರಿದು, "ಅವರ ಹತ್ತಿರ ಲೈಸೆನ್ಸಿನ ಪಿಸ್ತೂಲು ಇದೆ. ಅಂಗಿಯೊಳಗೆ ಇಟ್ಟುಕೊಂಡಿರಲಿ. ದರ್ಶನಕ್ಕೆ ಬಂದವರಿಗೆ ಕಾಣದಿದ್ದರೆ ಸಾಕು" ಎಂದರು. ಯಾರೂ ವಿರೋಧಿಸಲಿಲ್ಲ. ಕೆಲವರು ತಲೆದೂಗಿದರು. ಆ ದಿನ ನಾನೂ ಸುಮ್ಮನಿದ್ದೆ. ಆ ಮೌನದ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಮಿನಂತೆ ಪರವಾನಿಗೆಯಿಲ್ಲದೆ ಯಾರೂ ಬಂದೂಕು, ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. 45ನೆಯ ಕಲಮು ಸರಕಾರಿ ನೌಕರರಿಗೂ ಪ್ರಾದೇಶಿಕ ಸೇನೆಯಂತಹ ಮೀಸಲು ಪಡೆಗಳವರಿಗೂ ವಿನಾಯಿತಿ ಕೊಡುತ್ತದೆ, ಆದರೆ ಕರ್ತವ್ಯ ನಿರ್ವಹಣೆಯ ಮಟ್ಟಿಗೆ ಮಾತ್ರ. ಕರ್ತವ್ಯ ಮುಗಿದೊಡನೆ ವಿನಾಯಿತಿಯೂ ಮುಗಿಯಿತು. ನಿವೃತ್ತರಾದ ಅಧಿಕಾರಿ ಕಾನೂನಿನ ಕಣ್ಣಿಗೆ ನನ್ನ ನಿಮ್ಮಂತೆಯೇ ಒಬ್ಬ ನಾಗರಿಕ. ಆತನೂ ಅರ್ಜಿ ಹಾಕಬೇಕು, ಪರವಾನಿಗೆ ಪಡೆಯಬೇಕು.

ಆದರೂ 2016ರ ಶಸ್ತ್ರಾಸ್ತ್ರ ನಿಯಮಗಳು ಆತನಿಗೆ ಒಂದು ವಿಶೇಷ ಸ್ಥಾನ ಕಲ್ಪಿಸಿವೆ. ಯಾರ ಅರ್ಜಿಗಳನ್ನು ಪರಿಗಣಿಸಬಹುದೆಂದು ಹೇಳುವಲ್ಲಿ ರಕ್ಷಣಾ ಪಡೆ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಹಾಗೂ ರಾಜ್ಯ ಪೊಲೀಸ್ ಪಡೆಗಳಲ್ಲಿ ಸೇವೆಯಲ್ಲಿರುವವರನ್ನೂ ಸೇವೆ ಸಲ್ಲಿಸಿದವರನ್ನೂ ಹೆಸರಿಸಲಾಗಿದೆ. ಅದೇ ನಿಯಮದಲ್ಲಿ ವ್ಯಾಪಾರ, ವೃತ್ತಿಗಳ ಸ್ವರೂಪದಿಂದಲೇ ಅಪಾಯವುಳ್ಳವರ ಉಲ್ಲೇಖವೂ ಇದೆ ಎಂಬುದನ್ನು ನಮ್ಮ ವ್ಯಾಪಾರಿ ಬಂಧುಗಳು ಗಮನಿಸಬೇಕು. ಆದರೆ ಇಬ್ಬರಿಗೂ ಒಂದೇ ಷರತ್ತು: ತನ್ನ ಜೀವ ಅಥವಾ ಆಸ್ತಿಯ ರಕ್ಷಣೆಗೆ ನಿಜವಾದ ಅಗತ್ಯವಿರಬೇಕು. ಅಂದಮೇಲೆ ಆ ಅಧಿಕಾರಿಯ ಪಿಸ್ತೂಲು ಆತನ ಪ್ರಾಣರಕ್ಷಣೆಗಾಗಿ ಕೊಟ್ಟದ್ದು. ತಿಂಗಳ ಸಂಬಳದ ಮೇಲೆ ಬಸದಿಗೆ ಬಾಡಿಗೆಗೆ ಬರಲೆಂದು ಕೊಟ್ಟದ್ದಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಕಾವಲುಗಾರರ ನೇಮಕದಲ್ಲಿ ಮಾಜಿ ಸೈನಿಕರು, ಪೊಲೀಸರು, ಗೃಹರಕ್ಷಕ ದಳದವರಿಗೆ ಆದ್ಯತೆ ನೀಡಬಹುದೆಂದು ಹೇಳುತ್ತದೆ, ನಿಜ. ಅದು ಅವರ ಶಿಸ್ತಿಗೆ ಕೊಟ್ಟ ಮರ್ಯಾದೆ. ಅವರ ಸ್ವಂತ ಆಯುಧಕ್ಕೆ ಕೊಟ್ಟ ಅಪ್ಪಣೆಯಲ್ಲ.

ನಮ್ಮ ಕಾನೂನಿನ ದಿಕ್ಕು ಶಸ್ತ್ರವನ್ನು ಕಡಿಮೆ ಮಾಡುವ ದಿಕ್ಕು. 2019ರ ತಿದ್ದುಪಡಿಯಿಂದ ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. 2023ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಮೆರಿಕದಲ್ಲಿರುವಂತೆ ಶಸ್ತ್ರ ಧರಿಸುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ ಎಂದು ಸ್ಪಷ್ಟವಾಗಿ ನುಡಿಯಿತು. ಚುನಾವಣೆ ಘೋಷಣೆಯಾದಾಗ ಪರವಾನಿಗೆದಾರರಿಂದ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುವ ಪದ್ಧತಿಯನ್ನು ನಮ್ಮ ಭಾಗದವರೆಲ್ಲ ಕಂಡಿದ್ದಾರೆ. ಜನರ ಮನಸ್ಸು ಕಾದಿರುವಾಗ ಆಯುಧ ಕೈಗೆ ಹತ್ತಿರವಿರಬಾರದೆಂಬ ಅರಿವು ಸರಕಾರಕ್ಕಿದೆ. ಪಂಚಕಲ್ಯಾಣ ಮಹೋತ್ಸವದ ನೂಕುನುಗ್ಗಲಿನಲ್ಲಿ ಆ ಅರಿವು ನಮಗೆ ಬೇಡವೇ?

ಅಮೆರಿಕದ ಉದಾಹರಣೆಯನ್ನು ಅದೇ ಸಭೆಯಲ್ಲಿ ಇನ್ನೊಬ್ಬರು ಮುಂದಿಟ್ಟರು. ಅವರ ಮಗ ಅಲ್ಲಿದ್ದಾನೆ. ಆ ದೇಶದಲ್ಲಿ 2004ರಲ್ಲಿ ಒಂದು ಕಾಯ್ದೆಯಾಗಿ, ಸೇವೆಯಲ್ಲಿರುವ ಹಾಗೂ ನಿವೃತ್ತರಾದ ಅರ್ಹ ಪೊಲೀಸ್ ಅಧಿಕಾರಿಗಳು ಯಾವ ರಾಜ್ಯದಲ್ಲಾದರೂ ಪಿಸ್ತೂಲನ್ನು ಮರೆಯಾಗಿ ಧರಿಸಿ ತಿರುಗಬಹುದೆಂದು ವಿಧಿಸಲಾಯಿತು. ನಿವೃತ್ತರಿಗೆ ಮೊದಲು 15 ವರ್ಷಗಳ ಸೇವೆ ಬೇಕಿತ್ತು, 2010ರಲ್ಲಿ ಅದನ್ನು 10 ವರ್ಷಕ್ಕೆ ಇಳಿಸಿದರು. ಇಷ್ಟನ್ನು ಆ ಬಂಧುಗಳು ಹೇಳಿದರು. ಉಳಿದರ್ಧವನ್ನು ಹೇಳಲಿಲ್ಲ. ಆ ನಿವೃತ್ತರು ವರ್ಷಕ್ಕೊಮ್ಮೆ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದಕ್ಕಿಂತ ಮುಖ್ಯವಾಗಿ, ಖಾಸಗಿ ಜಾಗದ ಒಡೆಯರು ತಮ್ಮ ಆವರಣದಲ್ಲಿ ಗುಪ್ತ ಶಸ್ತ್ರವನ್ನು ನಿಷೇಧಿಸಲು ಅವಕಾಶ ಕೊಡುವ ರಾಜ್ಯ ಕಾನೂನುಗಳನ್ನು ಆ ಕಾಯ್ದೆ ಮುಟ್ಟಿಲ್ಲ. ಬಂದೂಕಿನ ದೇಶವೆನಿಸಿದ ಅಮೆರಿಕವೇ ಮನೆಯ ಒಡೆಯನಿಗೆ "ಇಲ್ಲಿ ಬೇಡ" ಎನ್ನುವ ಅಧಿಕಾರವನ್ನು ಉಳಿಸಿರುವಾಗ, ಅಹಿಂಸೆಯನ್ನು ಪರಮಧರ್ಮವೆಂದು ಬಾಗಿಲ ಮೇಲೆ ಬರೆಸಿದ ನಾವು "ಇಲ್ಲಿಗೇ ಬರಲಿ" ಎನ್ನುವುದೇ?

ನಿವೃತ್ತ ಅಧಿಕಾರಿಗಳ ಬಗೆಗೆ ನನಗೆ ಅನಾದರವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಕಳ್ಳರನ್ನೂ ಕೊಲೆಗಡುಕರನ್ನೂ ಹಿಡಿದವರಿಗೆ ಸೇಡಿನ ಭಯ ಇರುವುದು ಸಹಜ. ಅಂಥವರು ಆತ್ಮರಕ್ಷಣೆಗೆ ಏನು ಮಾಡಬೇಕೆಂಬುದು ಅವರಿಗೂ ಕಾನೂನಿಗೂ ಬಿಟ್ಟ ವಿಷಯ. ನನ್ನ ವಾದ ಅವರ ವಿರುದ್ಧವಲ್ಲ. ಅವರ ಆಯುಧವನ್ನು ಠರಾವು ಮಾಡಿ ಕೊಳ್ಳಹೊರಟ ನಮ್ಮ ವಿರುದ್ಧ.

ಇಲ್ಲಿ ಶಾಸ್ತ್ರ ಬಲ್ಲವರು ಒಂದು ಆಕ್ಷೇಪವೆತ್ತುತ್ತಾರೆ. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಶ್ರಾವಕನು ಸಂಪೂರ್ಣ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಆಕ್ರಮಣಕಾರನನ್ನು ಎದುರಿಸುವ ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಗೋಮಟೇಶನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾನಿಯಾಗಿರಲಿಲ್ಲವೇ? ನಮ್ಮದೇ ಬೆಳಗಾವಿಯ ಕೋಟೆಯೊಳಗೆ 1204ರಲ್ಲಿ ಕಮಲಬಸದಿಯನ್ನು ಕಟ್ಟಿಸಿದವರು ಸವದತ್ತಿಯ ರಟ್ಟರ ಕಾಲದವರು, ಕತ್ತಿ ಹಿಡಿದವರು ಅಲ್ಲವೇ?

ಒಪ್ಪುತ್ತೇನೆ. ಆದರೆ ವಿರೋಧೀ ಹಿಂಸೆಯೆಂದರೆ ಎದುರಾದ ಆಕ್ರಮಣಕ್ಕೆ ಆ ಕ್ಷಣದಲ್ಲಿ ಒದಗುವ ಪ್ರತಿಕ್ರಿಯೆ. ಮುಂದೆ ಎಂದೋ ಬರಬಹುದಾದ ಕಳ್ಳನಿಗಾಗಿ ಇಂದೇ ಸಭೆ ಸೇರಿ, ಸಂಬಳ ಗೊತ್ತುಮಾಡಿ, ಗುಂಡು ತುಂಬಿಸಿ ಕಾಯುವುದರಲ್ಲಿ ಸಂಕಲ್ಪದ ಅಂಶ ಎಷ್ಟೆಂಬುದನ್ನು ಅವರೇ ತೂಗಿ ನೋಡಲಿ. ಚಾವುಂಡರಾಯನ ಖಡ್ಗ ರಾಜ್ಯದ ಖಡ್ಗ. ಅದು ರಣರಂಗದಲ್ಲಿ ಎಲ್ಲರ ಕಣ್ಣೆದುರು ಝಳಪಿಸಿತು. ಇಂದು ಆ ರಾಜದಂಡ ಹುಕ್ಕೇರಿ, ಗೋಕಾಕ ಠಾಣೆಗಳ ಪೊಲೀಸರ ಕೈಯಲ್ಲಿದೆ. ದಂಡಾಧಿಕಾರ ಅರಸನಿಗೆ ಸಲ್ಲುತ್ತದೆಂಬ ಆಧಾರದಿಂದ ಪ್ರತಿಯೊಂದು ಟ್ರಸ್ಟೂ ತನ್ನದೊಂದು ಚಿಕ್ಕ ಸೈನ್ಯ ಕಟ್ಟಬಹುದೆಂಬ ತೀರ್ಮಾನ ಹೊರಡುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸುವಾಗ ಹಿಂಸಾದಾನವನ್ನೂ ಎಣಿಸಿದ್ದಾರೆ. ಕೊಲ್ಲುವ ಸಾಧನಗಳನ್ನು ಇನ್ನೊಬ್ಬರಿಗೆ ಒದಗಿಸುವುದೇ ಹಿಂಸಾದಾನ. ಪಿಸ್ತೂಲು ಅಧಿಕಾರಿಯ ಸ್ವಂತದ್ದು, ನಾವು ಕೊಟ್ಟಿಲ್ಲ ಎನ್ನುವ ಜಾಣ್ಮೆ ಇಲ್ಲಿ ನಡೆಯದು. ಏಕೆಂದರೆ ನಮ್ಮ ಧರ್ಮ ಕೃತ, ಕಾರಿತ, ಅನುಮೋದನ ಮೂರನ್ನೂ ಲೆಕ್ಕ ಹಿಡಿಯುತ್ತದೆ. ಮಾಡಿದವನೊಡನೆ ಮಾಡಿಸಿದವನೂ ಮೆಚ್ಚಿದವನೂ ಪಾಲುದಾರರು. ಹಿಂಸೆಯನ್ನು ಒಬ್ಬನು ಮಾಡಿದರೂ ಫಲವನ್ನು ಹಲವರು ಉಣ್ಣಬೇಕಾದ ಸಂದರ್ಭವುಂಟೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಪಾಲುದಾರಿಕೆಯ ವ್ಯವಹಾರ ಬಲ್ಲ ನಮಗೆ ಇದು ಅರ್ಥವಾಗದ ಮಾತೇ? ಗುಂಡು ಹಾರಿಸುವ ಬೆರಳು ಒಂದು. ಠರಾವಿನ ಕೆಳಗಿನ ಸಹಿಗಳು ಏಳೋ ಹನ್ನೊಂದೋ. ತಪ್ಪಿ ಆ ಗುಂಡು ಒಂದು ಮಗುವಿಗೆ ತಗುಲಿದರೆ ಪೊಲೀಸರ ಪ್ರಕರಣ ಒಬ್ಬನ ಮೇಲೆ, ಕರ್ಮದ ಖಾತೆ ಎಲ್ಲರ ಮೇಲೆ.

ಇದೆಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು "ಕಾಣದಿದ್ದರೆ ಸಾಕು" ಎಂಬ ಮಾತು. ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿ ಮುಚ್ಚಿ ಒಯ್ಯಬೇಕು, ಝಳಪಿಸಬಾರದು ಎಂದು 2016ರ ನಿಯಮಗಳೂ ಹೇಳುತ್ತವೆ. ಆದರೆ ಅದು ಜನರನ್ನು ಬೆದರಿಸದಿರಲೆಂಬ ಸಂಯಮ. ನಾವು ಬಯಸುವ ಮರೆ ಬೇರೆ. ಕಾವಲುಗಾರನ ಕೈಯಲ್ಲಿ ಬಂದೂಕು ಕಂಡರೆ ಸಮಾಜ ಪ್ರಶ್ನಿಸುತ್ತದೆ, ಮುನಿ ಮಹಾರಾಜರು ಕೇಳುತ್ತಾರೆ, ಪಾಠಶಾಲೆಯ ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆ ಬಾರದಿರಲೆಂದೇ ಅಂಗಿಯೊಳಗೆ ಬಚ್ಚಿಡುವುದು. ಇದಕ್ಕೆ ಶಾಸ್ತ್ರದಲ್ಲಿ ಹೆಸರಿದೆ: ಮಾಯೆ. ಮಾಯಾ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳ ಅಭಿಪ್ರಾಯ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಮುಳ್ಳು. ಹೊರಗೆ ಕಾಣದು, ಒಳಗೆ ಕೀವಾಗುತ್ತದೆ. ಬಸದಿಯ ಅಂಗಿಯೊಳಗೆ ನಾವು ಸಿಕ್ಕಿಸಹೊರಟ ಪಿಸ್ತೂಲು ಅಕ್ಷರಶಃ ಅಂಥದೇ ಶಲ್ಯ. ಬಹಿರಂಗವಾಗಿ ಮಾಡಲು ನಾಚುವುದನ್ನು ಗುಪ್ತವಾಗಿ ಮಾಡಿದರೆ ಪಾಪ ಒಂದಿದ್ದುದು ಎರಡಾಗುತ್ತದೆ.

ಭರತ ಬಾಹುಬಲಿಯರ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದವರು. ಎರಡೂ ಸೈನ್ಯಗಳ ರಕ್ತ ಹರಿಯದಿರಲೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಆಯುಧವಿಲ್ಲದ ಸ್ಪರ್ಧೆ ಎಂಬ ಒಪ್ಪಂದ ಅದು. ಮೂರರಲ್ಲೂ ಸೋತ ಭರತನು ಒಪ್ಪಂದ ಮೀರಿ ಚಕ್ರವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಗೆ ಹಾನಿಮಾಡಲಿಲ್ಲ. ಆದರೆ ಭರತನ ಕೀರ್ತಿಗೆ ತಗುಲಿದ ಆ ಒಂದು ಗಾಯ ಇಂದಿಗೂ ಮಾಯ್ದಿಲ್ಲ. ಜಿನಮಂದಿರವೂ ಒಂದು ಒಪ್ಪಂದದ ಸ್ಥಳ. ಸಮವಸರಣದಲ್ಲಿ ಹುಲಿಯೂ ಹಸುವೂ ವೈರ ಮರೆತು ಕೂಡುತ್ತವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಸಮವಸರಣದ ಪ್ರತಿರೂಪವಾದ ಬಸದಿಯ ಬಾಗಿಲಲ್ಲಿ ಗುಪ್ತವಾಗಿ ಚಕ್ರವನ್ನು ಇಟ್ಟುಕೊಳ್ಳುವುದು ಯಾವ ನ್ಯಾಯ?

ಇಷ್ಟು ಹೇಳಿದಾಗ ಬರುವ ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಭಾರವಾದದ್ದು, ಹಿರೇಕೋಡಿಯದು. 2023ರ ಜುಲೈಯಲ್ಲಿ ನೆರೆಯ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಆಶ್ರಮದಿಂದ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರು ಕಾಣೆಯಾಗಿ, ಅವರ ಹತ್ಯೆಯಾದ ಸುದ್ದಿ ಬಂದಾಗ ಈ ಭಾಗದ ಯಾವ ಜೈನ ಮನೆಯಲ್ಲೂ ಒಲೆ ನೆಮ್ಮದಿಯಿಂದ ಉರಿಯಲಿಲ್ಲ. ಮುನಿಗಳಿಗೆ ರಕ್ಷಣೆ ಬೇಕೆಂಬ ಕೂಗು ಎದ್ದದ್ದು ನ್ಯಾಯವೇ. ರಕ್ಷಣೆಯನ್ನು ಸರಕಾರದಿಂದ ಕೇಳುವುದು ನಮ್ಮ ಹಕ್ಕು. ವಿಹಾರದ ದಾರಿಯಲ್ಲಿ ಪೊಲೀಸರು ಜೊತೆಗಿರಲೆಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ದುರಂತದಿಂದ ಪಿಸ್ತೂಲಿನ ಪಾಠ ಕಲಿಯುವವರು ತಪ್ಪು ಪಾಠ ಕಲಿಯುತ್ತಿದ್ದಾರೆ. ಪೊಲೀಸರು ಅಂದು ತಿಳಿಸಿದಂತೆ ಆರೋಪಿ ಹೊರಗಿನಿಂದ ನುಗ್ಗಿದ ಅಪರಿಚಿತನಲ್ಲ. ಆಶ್ರಮಕ್ಕೆ ಪರಿಚಿತ, ಕಾರಣ ಹಣದ ವ್ಯವಹಾರ. ಬಾಗಿಲಲ್ಲಿ ಹತ್ತು ಪಿಸ್ತೂಲುಗಳಿದ್ದರೂ ಪರಿಚಿತನು ನಮಸ್ಕರಿಸಿ ಒಳಗೆ ಹೋಗುತ್ತಾನೆ. ಅಲ್ಲಿ ಬೇಕಾಗಿದ್ದದ್ದು ನಾವು ಶ್ರಾವಕರು ಸಂಸ್ಥೆಯ ಹಣಕಾಸಿನ ಹೊರೆಯನ್ನು ಪೂರ್ತಿಯಾಗಿ ನಮ್ಮ ಹೆಗಲಿಗೆ ತೆಗೆದುಕೊಂಡು, ನಿರ್ಗ್ರಂಥರ ಹತ್ತಿರ ಸಾಲಗಾರನೂ ಸುಳಿಯದಂತೆ ನೋಡಿಕೊಳ್ಳುವುದು. ಆ ಕರ್ತವ್ಯದಲ್ಲಿ ನಾವೆಲ್ಲ ಎಷ್ಟು ಎಚ್ಚರವಾಗಿದ್ದೇವೆ ಎಂಬುದನ್ನು ಕೇಳಿಕೊಳ್ಳುವ ಬದಲು, ಬಂದೂಕು ತಂದರೆ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಹುದು. ಬಹುಶಃ ಅದಕ್ಕಾಗಿಯೇ ಬಂದೂಕು ನಮಗೆ ಇಷ್ಟು ಹಿತವಾಗಿ ಕಾಣುತ್ತಿದೆ.

ಭಯ ನನಗೂ ಅಪರಿಚಿತವಲ್ಲ. ಯೌವನದಲ್ಲಿ ಮೂಡಲಗಿ, ಹುಕ್ಕೇರಿ ಸಂತೆಗಳ ವಸೂಲಿ ಹಣವನ್ನು ಚೀಲದಲ್ಲಿಟ್ಟು ಸಂಜೆಯ ಬಸ್ಸಿನಲ್ಲಿ ಗೋಕಾಕಕ್ಕೆ ಮರಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ರಿವಾಲ್ವರ್ ಲೈಸೆನ್ಸಿಗೆ ಅರ್ಜಿಯನ್ನೂ ತುಂಬಿದೆ. ಕಾರಣ ಬರೆಯುವ ಜಾಗದಲ್ಲಿ "ನಗದು ಹಣ" ಎಂದು ಬರೆದು, ಅದನ್ನೇ ನೋಡುತ್ತ ಕುಳಿತೆ. ನನ್ನ ಭಯದ ಮೂಲ ಕಳ್ಳನಾಗಿರಲಿಲ್ಲ, ಚೀಲವಾಗಿತ್ತು. ಮರುವಾರದಿಂದ ಆಯಾ ಊರಿನ ಬ್ಯಾಂಕಿನಲ್ಲಿಯೇ ಹಣ ತುಂಬಿ ಡ್ರಾಫ್ಟು ತರತೊಡಗಿದೆ. ಅರ್ಜಿ ಹರಿದುಹೋಯಿತು.

ಬಸದಿಗಳಿಗೂ ಇದೇ ಲೆಕ್ಕ. ಕಾಯಬೇಕಾದುದನ್ನು ಕಡಿಮೆ ಮಾಡಿದರೆ ಕಾವಲಿನ ಅಗತ್ಯ ಕಡಿಮೆಯಾಗುತ್ತದೆ. ಅಪರಿಗ್ರಹವೆಂದರೆ ಇದೇ. ಕಾಣಿಕೆ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ತುಂಬಲು ಬಿಡದೆ ವಾರಕ್ಕೊಮ್ಮೆ ನಾಲ್ಕು ಜನರೆದುರು ಎಣಿಸಿ ಬ್ಯಾಂಕಿಗೆ ಕಟ್ಟಿರಿ. ಬೆಳ್ಳಿಯ ಪ್ರಭಾವಳಿ, ಚಿನ್ನದ ಕಳಶಗಳನ್ನು ಉತ್ಸವದ ದಿನಗಳ ಹೊರತು ಲಾಕರಿನಲ್ಲಿಡಿರಿ. ಪ್ರತಿಯೊಂದು ಮೂರ್ತಿಯ ಛಾಯಾಚಿತ್ರ, ಎತ್ತರ, ತೂಕ, ಪೀಠದ ಲೇಖಗಳ ದಾಖಲೆ ಮಾಡಿರಿ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ಮೀರಿದ ಶಿಲ್ಪಗಳನ್ನು ನೋಂದಾಯಿಸಿರಿ. ದಾಖಲೆಯಿದ್ದ ಮೂರ್ತಿಯನ್ನು ಮಾರುವುದು ಕಳ್ಳನಿಗೆ ಕಷ್ಟ. ದೀಪ, ಕ್ಯಾಮರಾ, ಗಟ್ಟಿ ಬಾಗಿಲುಗಳಿಗೆ ಖರ್ಚು ಮಾಡಿರಿ. ಉಪಾಧ್ಯೆಯವರ ಕುಟುಂಬ ಆವರಣದಲ್ಲಿಯೇ ನೆಮ್ಮದಿಯಿಂದ ವಾಸಿಸುವಂತೆ ಮನೆಯನ್ನೂ ಮರ್ಯಾದೆಯ ಸಂಬಳವನ್ನೂ ಕೊಡಿರಿ. ನಿವೃತ್ತ ಪೊಲೀಸರೂ ಬರಲಿ. ಅವರ ಅನುಭವ, ಎಚ್ಚರಗಣ್ಣು, ಠಾಣೆಯ ಪರಿಚಯ ನಮಗೆ ಬೇಕು. ಪಿಸ್ತೂಲನ್ನು ಮಾತ್ರ ಮನೆಯಲ್ಲಿಟ್ಟು ಬರಲಿ.

ಕೊನೆಗೆ ನಮ್ಮ ಟ್ರಸ್ಟುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಸಭೆಯಲ್ಲಿ ಒಂದು ಠರಾವು ಬರಲಿ: ಈ ಬಸದಿಯ ಆವರಣದಲ್ಲಿ ಟ್ರಸ್ಟಿನ ವೆಚ್ಚದಿಂದಾಗಲಿ ಸಮ್ಮತಿಯಿಂದಾಗಲಿ ಬಂದೂಕು ಇರತಕ್ಕದ್ದಲ್ಲ, ಕಂಡರೂ ಸಲ್ಲದು, ಕಾಣದಿದ್ದರೂ ಸಲ್ಲದು. ಅದನ್ನು ಪುಸ್ತಕದಲ್ಲಿ ಬಚ್ಚಿಡದೆ ಬಾಗಿಲಲ್ಲಿ ಬರೆಸಿರಿ. ಕಳುವಾದ ಮೂರ್ತಿ ಮರಳಿ ಸಿಗಬಹುದು, ಸಿಗದಿದ್ದರೆ ಹೊಸದಕ್ಕೆ ಪ್ರತಿಷ್ಠೆ ಮಾಡಿಸಬಹುದು. ಭಗವಂತನೆದುರು ಹರಿದ ರಕ್ತಕ್ಕೆ ಯಾವ ಶಾಂತಿಧಾರೆಯೂ ಸಾಲದು.

ಜೈ ಜಿನೇಂದ್ರ.