ಮಳೆನೀರಿಗೆ ಒಳಚರಂಡಿ ದಾರಿಯಲ್ಲ

ಚಾವಣಿಯ ಮಳೆನೀರನ್ನು ಒಳಚರಂಡಿಗೆ ಬಿಡಬಾರದೆಂಬ ಬೆಂಗಳೂರು ಜಲಮಂಡಳಿಯ ನಿಯಮವು ಮನೆಮಾಲೀಕರಿಗೆ ವೃಥಾ ಕಿರುಕುಳವೆಂದೂ, ಎರಡೂ ನೀರೇ ಆದ್ದರಿಂದ ಒಂದೇ ಕೊಳವೆ ಸಾಕೆಂದೂ ಪ್ರಕಟವಾಗಿರುವ ಅಭಿಪ್ರಾಯವು ನಗರದ ಕೊಳವೆಜಾಲದ ರಚನೆಯನ್ನೇ ಮರೆತಿದೆ. ಶೌಚಾಲಯ, ಬಚ್ಚಲು, ಅಡುಗೆಮನೆಗಳ ಕೊಳಚೆಯನ್ನು ಶುದ್ಧೀಕರಣ ಘಟಕಕ್ಕೆ ಒಯ್ಯುವ ಒಳಚರಂಡಿಯೂ, ಮಳೆನೀರನ್ನು ಕೆರೆಗಳತ್ತ ಹರಿಸುವ ದೊಡ್ಡ ಕಾಲುವೆಯಾದ ರಾಜಕಾಲುವೆಯೂ ಇಲ್ಲಿ ಬೇರೆಬೇರೆಯಾಗಿದ್ದು, ಮೊದಲನೆಯದರ ಗಾತ್ರವನ್ನು ನಿಗದಿಪಡಿಸುವುದು ಮನೆಬಳಕೆಯ ನೀರಿನ ಲೆಕ್ಕದ ಮೇಲೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಕುಟುಂಬ ಬಳಸುವುದು 540 ಲೀಟರ್; 30x40 ಅಡಿಯ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸೇರುವುದು ಸುಮಾರು 5,500 ಲೀಟರ್, ಅಂದರೆ ಹತ್ತು ದಿನಗಳ ನೀರು ಒಂದೇ ಮಳೆಗೆ! ಅಷ್ಟು ನೀರು ನುಗ್ಗಿದಾಗ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಯ ಬಚ್ಚಲಿಗೆ ಮಲಿನ ನೀರು ಹಿಮ್ಮರಳುತ್ತದೆ. ನಿಯಮ ಮುರಿದವನ ಮನೆ ಎತ್ತರದಲ್ಲಿದ್ದರೆ ಅವನಿಗೆ ಅದರ ವಾಸನೆಯೂ ತಟ್ಟುವುದಿಲ್ಲ. ರಸ್ತೆಬದಿ ಚರಂಡಿಯೇ ಇಲ್ಲದ ಬಡಾವಣೆಗಳ ಅಳಲು ನ್ಯಾಯವಾದದ್ದೇ, ಆದರೆ ಅದು ಚರಂಡಿ ಕಟ್ಟದವರ ಮೇಲಿನ ದೂರೇ ಹೊರತು ನಿಯಮದ ದೋಷವಲ್ಲ. ಮೇಲಾಗಿ, 1964ರ ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯು 30x40 ಅಡಿಯ ನಿವೇಶನದ ಹೊಸ ಮನೆಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದೆ.