ಗಿಳಿಪಾಠವಲ್ಲ, ಅದು ಮಗುವಿನ ಮಾತು

ಹಲವು ವರ್ಷಗಳ ಹಿಂದೆ ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. “ನಿನ್ನ ಹೆಸರೇನು?” ಎಂದು ನಾವು ಕೇಳಿದರೆ ಮಗುವೂ “ನಿನ್ನ ಹೆಸರೇನು?” ಎನ್ನುತ್ತಿತ್ತು. “ನೀರು ಬೇಕೇನು?” ಎಂದು ತಾಯಿ ಕೇಳಿದಾಗ ಅದೇ ಮಾತನ್ನು ನುಡಿದು ಲೋಟದತ್ತ ಕೈಚಾಚಿತು. ಇದು ಬರಿಯ ಗಿಳಿಪಾಠವೆಂದು ಬಗೆದ ನಾವು, ಹಾಗೆ ಹೇಳದಂತೆ ಮಗುವನ್ನು ತಿದ್ದಿರೆಂದು ಸಲಹೆಯಿತ್ತೆವು. ಆ ಸಲಹೆ ತಪ್ಪಾಗಿತ್ತೆಂದು ಇಂದು ಒಪ್ಪಿಕೊಳ್ಳುತ್ತೇವೆ.

ಆಟಿಸಂ, ಅಂದರೆ ಸ್ವಲೀನತೆಯುಳ್ಳ ಅನೇಕ ಮಕ್ಕಳು ಕೇಳಿದ ಮಾತನ್ನೇ ಮರಳಿ ನುಡಿಯುತ್ತಾರೆ. ಇದಕ್ಕೆ ಎಕೋಲೇಲಿಯಾ ಎಂದು ಹೆಸರು. ಇದು ಅರ್ಥಹೀನವೆಂದೂ ಇದನ್ನು ನಿಲ್ಲಿಸಬೇಕೆಂದೂ ಹಿಂದೆ ಪರಿಣತರಲ್ಲೇ ಅನೇಕರು ತಿಳಿದಿದ್ದರು. ಈ ತಿಳಿವಳಿಕೆಯನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ವಾಕ್-ಭಾಷಾ ತಜ್ಞ ಬ್ಯಾರಿ ಪ್ರಿಜಾಂಟ್ ಪ್ರಮುಖರು. ಅವರೂ ಜುಡಿತ್ ಡುಚನ್ ಅವರೂ ನಾಲ್ವರು ಮಕ್ಕಳನ್ನು ವಿಡಿಯೋದಲ್ಲಿ ದಾಖಲಿಸಿ, ಇಂತಹ 1,009 ಉಕ್ತಿಗಳನ್ನು ಪರಿಶೀಲಿಸಿದರು. ಮಾತನ್ನಷ್ಟೇ ಅಲ್ಲದೆ ಮಗುವಿನ ನೋಟ, ಮೈಯ ತಿರುವು, ದನಿಯ ಏರಿಳಿತಗಳನ್ನೂ ಗಮನಿಸಿದರು. 1981ರಲ್ಲಿ ಪ್ರಕಟವಾದ ಈ ಅಧ್ಯಯನವು ಅವುಗಳಲ್ಲಿ ಏಳು ಬಗೆಗಳನ್ನು ಗುರುತಿಸಿತು. ಹೌದೆನ್ನಲು, ಬೇಡಲು, ಕಂಡದ್ದನ್ನು ಹೆಸರಿಸಲು, ಮಾತಿನ ಸರದಿಯನ್ನು ಉಳಿಸಿಕೊಳ್ಳಲು, ಉತ್ತರಕ್ಕೆ ಮುನ್ನ ಮಾತನ್ನು ಮನನ ಮಾಡಿಕೊಳ್ಳಲು, ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳಲು ಮಕ್ಕಳು ಹೀಗೆ ನುಡಿಯುತ್ತಿದ್ದರು. ಉದ್ದೇಶ ಕಾಣದ ಬಗೆ ಒಂದೇ. ವರ್ತನೆಯನ್ನು ಅಡಗಿಸುವ ಮುನ್ನ ಅದರ ಕಾರಣವನ್ನು ಕೇಳಬೇಕೆಂಬ ಈ ನಿಲುವನ್ನೇ ಪ್ರಿಜಾಂಟ್ ಅವರು ದಶಕಗಳ ಕಾಲ ಬೆಳೆಸಿದರು. 2015ರ ‘ಯೂನಿಕ್ಲಿ ಹ್ಯೂಮನ್’ ಗ್ರಂಥದ ಸಾರವೂ ಅದೇ.

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಯನ್ನು ಕಲಿತ ನಾವು ಅಂದು ಚಾಚಿದ ಕೈಯನ್ನು ಕಂಡೂ ಕಾಣದಾದೆವು. “ನೀರು ಬೇಕೇನು?” ಎಂಬ ಆ ಮರುನುಡಿ “ಹೌದು, ಬೇಕು” ಎಂಬ ಉತ್ತರವೇ ಆಗಿತ್ತು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟು. ಮಗು ಮರುನುಡಿದಾಗ ಗದರಿಸಬೇಡಿರಿ. ಅದರ ಕಣ್ಣು, ಕೈ ಎತ್ತ ಹೋಗುತ್ತವೆಂದು ನೋಡಿರಿ. ನೀರು ಕೊಡುತ್ತಾ, ಮಗು ಹೇಳಬೇಕಾದ “ನೀರು ಬೇಕು” ಎಂಬ ಮಾತನ್ನು ನೀವೇ ನಿಧಾನವಾಗಿ ನುಡಿಯಿರಿ. ಬ್ರಾಹ್ಮಿ, ಶಂಖಪುಷ್ಪಿಗಳಿಂದ ಆಟಿಸಂ ಗುಣವಾಗುವುದೆಂದು ಯಾರಾದರೂ ಹೇಳಿದರೆ, ಅವರು ನಮ್ಮಂತಹ ವೈದ್ಯರೇ ಆಗಿದ್ದರೂ ನಂಬಿ ಕಾಲ ಕಳೆಯಬೇಡಿರಿ. ವಾಕ್-ಭಾಷಾ ತಜ್ಞರನ್ನು ಬೇಗನೆ ಕಾಣಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ.

ಆ ತಾಯಿಗೆ ಇದನ್ನು ಹೇಳುವ ಅವಕಾಶ ನಮಗೆ ಮತ್ತೆ ಒದಗಲಿಲ್ಲ. ಅಂತಹ ಮಗುವಿರುವ ಮನೆ ನಿಮಗೆ ತಿಳಿದಿದ್ದರೆ ದಯವಿಟ್ಟು ಈ ಮಾತನ್ನು ಅಲ್ಲಿಗೆ ಮುಟ್ಟಿಸಿರಿ.